ಟಿಸಿ ಕೊಡದ ಗುಮಾಸ್ತರು

ಕಳೆದ ತಿಂಗಳು ನಮ್ಮ ಶಾಲೆಯ ಗುಮಾಸ್ತರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಆರು ಜನ ಮಾತನಾಡಿದರು. ಆರೂ ಜನ ಅವರನ್ನು ಚುರುಕಿನವರು, ಒಂದು ಕಡತವನ್ನೂ ಮರುದಿನಕ್ಕೆ ಉಳಿಸದವರು ಎಂದು ಹೊಗಳಿದರು. ಅವರು ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ಸುದ್ದಿ ಕೇಳುತ್ತಿರುವವರ ಹಾಗೆ ತಲೆಯಾಡಿಸುತ್ತ ಕುಳಿತಿದ್ದರು.

ಭಾಷಣಗಳಲ್ಲಿ ಸುಳ್ಳಿರಲಿಲ್ಲ. ಸಂಬಳದ ಬಿಲ್ಲು, ರಜೆಯ ಅರ್ಜಿ, ಬಸ್ ಪಾಸಿನ ದೃಢೀಕರಣ, ಎಲ್ಲವೂ ಅವರ ಮೇಜಿನ ಮೇಲೆ ಬಂದ ದಿನವೇ ಮುಗಿಯುತ್ತಿದ್ದವು. ಒಂದು ಕಾಗದ ಮಾತ್ರ ಯಾರು ಎಷ್ಟು ಕೇಳಿದರೂ ಅಲ್ಲಿಂದ ಏಳುತ್ತಿರಲಿಲ್ಲ. ಅದು ವರ್ಗಾವಣೆ ಪತ್ರ, ಊರವರ ಬಾಯಲ್ಲಿ ಟಿಸಿ. ಆ ವಿಷಯವನ್ನು ಯಾರೂ ವೇದಿಕೆಯ ಮೇಲೆ ಎತ್ತಲಿಲ್ಲ. ನನ್ನನ್ನು ಯಾರೂ ಮಾತನಾಡಲು ಕರೆಯಲಿಲ್ಲ. ಕರೆದಿದ್ದರೂ ನಾನು ಏಳುತ್ತಿರಲಿಲ್ಲ. ಸಭೆಯಲ್ಲಿ ಮಾತನಾಡುವುದಕ್ಕಿಂತ ಬರೆಯುವುದು ನನಗೆ ಸುಲಭ.

ಸಾಗರದಿಂದ ಹೊಸನಗರದ ಕಡೆಗೆ ಹೋಗುವ ದಾರಿಯಲ್ಲಿ, ಹಿನ್ನೀರಿಗೆ ಹತ್ತಿರವಿರುವ ಸರ್ಕಾರಿ ಪ್ರೌಢಶಾಲೆ ನಮ್ಮದು. ನಾನು ತೀರ್ಥಹಳ್ಳಿಯವಳು. ಎಂ.ಎಸ್‌ಸಿ., ಬಿ.ಎಡ್. ಮುಗಿಸಿ ಇಲ್ಲಿಗೆ ಗಣಿತದ ಅತಿಥಿ ಶಿಕ್ಷಕಿಯಾಗಿ ಬಂದು ಇದು ಮೂರನೆಯ ವರ್ಷ. ಮೊದಲ ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಕಚೇರಿಗೆ ಹೋದಾಗ ಅವರು ನನ್ನ ಪ್ರಮಾಣಪತ್ರಗಳನ್ನು ತಿರುಗಿಸಿ ನೋಡಿದರು.

"ತೀರ್ಥಳ್ಳಿಯವರಾ? ನಾನೂ ಆ ಕಡೆಯವನೇ. ಆಗುಂಬೆ ಹತ್ರ. ನಿಮ್ಮೂರಲ್ಲಿ ಮಳೆ ಬರ್ತದೆ, ನಮ್ಮೂರಲ್ಲಿ ನಿಲ್ಲೋದಿಲ್ಲ, ಅಷ್ಟೇ ವ್ಯತ್ಯಾಸ," ಎಂದರು. ನಂತರ ಕನ್ನಡಕದ ಮೇಲಿನಿಂದ ನೋಡಿ, "ಗಣಿತಕ್ಕೆ ರ‍್ಯಾಂಕಾ? ಪಾಪ," ಎಂದರು. ಆ ‘ಪಾಪ’ ನನಗೋ ಮಕ್ಕಳಿಗೋ ಎಂದು ಅಂದು ತಿಳಿಯಲಿಲ್ಲ.

ಕಚೇರಿಯ ಬಾಗಿಲಿಗೆ ಎದುರಾಗಿ ಅವರ ಮೇಜು. ಪಕ್ಕದ ಗೋಡೆಗೆ ಒಂದು ಬೆಂಚು. ಟಿಸಿ ಕೇಳಲು ಬಂದವರೆಲ್ಲ ಆ ಬೆಂಚಿನ ಮೇಲೆ ಕೂರಬೇಕು. ಮೊದಲ ಸಲ ಬಂದವರಿಗೆ ನೆಟ್ ಇರುತ್ತಿರಲಿಲ್ಲ. ಎರಡನೆಯ ಸಲ ಟಿಸಿ ಪುಸ್ತಕ ಮುಗಿದಿರುತ್ತಿತ್ತು. ಮೂರನೆಯ ಸಲ ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿರುತ್ತಿದ್ದರು, ಕೆಲವೊಮ್ಮೆ ಒಳಗಿನ ಕೋಣೆಯಲ್ಲಿ ಕುಳಿತುಕೊಂಡೇ. ಒಮ್ಮೆ ಒಬ್ಬ ಅಪ್ಪ ಮೇಜು ಕುಟ್ಟಿ ಕೂಗಾಡಿದ್ದು ನನ್ನ ತರಗತಿಯವರೆಗೂ ಕೇಳಿಸಿತು.

"ಟಿಸಿ ಕೊಡ್ತೀರೋ, ಇಲ್ಲಾ ಬಿಇಓ ಆಫೀಸಿಗೆ ಹೋಗ್ಲೋ?"

"ಹೋಗಿ ಮಾರಾಯ್ರೆ. ಹನ್ನೊಂದೂಕಾಲಿಗೆ ಬಸ್ಸಿದೆ. ಬರ್ತಾ ನಮಗೊಂದು ಹೊಸ ಟಿಸಿ ಪುಸ್ತಕ ಇಸ್ಕೊಂಡು ಬನ್ನಿ. ನಾವು ಕೇಳಿದ್ರೆ ಕೊಡ್ತಾ ಇಲ್ಲ."

ಆ ಅಪ್ಪ ನಕ್ಕುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ನಾನು ಹೊರಗೆ ಬಂದಾಗ ಇಬ್ಬರೂ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಮಗ ಮಾತ್ರ ಟಿಸಿ ಇಲ್ಲದೆ ತರಗತಿಗೆ ವಾಪಸು ಬಂದಿದ್ದ.

ನನಗೆ ಇದು ಶುದ್ಧ ಸೋಮಾರಿತನವೆಂದೇ ಕಂಡಿತು. ಕೆಲಸ ತಡವಾದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಸ್ಟಾಫ್ ರೂಮಿನಲ್ಲಿ ನಾನು ಹೆಚ್ಚು ಮಾತನಾಡುವವಳಲ್ಲವಾದರೂ ಒಂದು ದಿನ, "ಒಂದು ಹಾಳೆ ಬರೆಯಲು ಮೂರು ವಾರ ಬೇಕೇ?" ಎಂದು ಕೇಳಿದ್ದೆ. ಹಿರಿಯ ಸಮಾಜ ಶಿಕ್ಷಕಿ ಊಟದ ಡಬ್ಬಿ ಮುಚ್ಚುತ್ತ, "ನೀವಿನ್ನೂ ಹೊಸಬರು," ಎಂದಷ್ಟೇ ಹೇಳಿದರು.

ಗುಮಾಸ್ತರಿಗೆ ಮಕ್ಕಳು ಗೊತ್ತಿದ್ದ ರೀತಿ ಬೇರೆ. ನಮಗೆ ರೋಲ್ ನಂಬರು ಗೊತ್ತಿದ್ದರೆ ಅವರಿಗೆ ಬಸ್ಸು ಗೊತ್ತಿತ್ತು. ಯಾವ ಮಗು ಯಾವ ಬಸ್ಸಿಗೆ ಬರುತ್ತದೆ, ಎಷ್ಟು ದೂರ ನಡೆದು ಬಸ್ಸು ಹಿಡಿಯುತ್ತದೆ, ಯಾರು ಬೆಳಿಗ್ಗೆ ತಿಂದು ಬರುವುದಿಲ್ಲ ಎಂಬುದು. ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ಎರಡು ತಿಂಗಳಲ್ಲಿ ಹದಿನೇಳು ದಿನ ಗೈರುಹಾಜರಿ ಬಿದ್ದಿತ್ತು. ಆದರೆ ಮಧ್ಯಾಹ್ನ ಊಟದ ಸಾಲಿನಲ್ಲಿ ಅವನು ಇರುತ್ತಿದ್ದುದನ್ನು ಇವರು ಗಮನಿಸಿದ್ದರು. ಕರೆದು ಕೇಳಿದರೆ, ಬಸ್ಸಿನ ಸಮಯ ಬದಲಾಗಿ ಹುಡುಗ ಎರಡನೆಯ ಪಿರಿಯಡ್ಡಿಗೆ ತಲುಪುತ್ತಿದ್ದ. ಹಾಜರಿ ಮೊದಲನೆಯದರಲ್ಲಿ ಮುಗಿದಿರುತ್ತಿತ್ತು. ಹೇಗೂ ಗೈರುಹಾಜರಿಯೇ ಎಂದಮೇಲೆ ಬರುವುದಾದರೂ ಏಕೆ ಎಂದು ಅವನು ಯೋಚಿಸತೊಡಗಿದ್ದನಂತೆ. ಆ ವಾರದಿಂದ ನಮ್ಮ ಶಾಲೆಯಲ್ಲಿ ಹಾಜರಿ ಎರಡನೆಯ ಪಿರಿಯಡ್ಡಿಗೆ ಬಂತು. ಹೆಡ್‌ಮಾಸ್ಟರು ಅದನ್ನು ತಮ್ಮ ಸುಧಾರಣೆ ಎಂದು ಸಭೆಯಲ್ಲಿ ಹೇಳಿಕೊಂಡಾಗ ಗುಮಾಸ್ತರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಅವರು ತಪ್ಪೇ ಮಾಡುತ್ತಿರಲಿಲ್ಲ ಎಂದಲ್ಲ. ಅವರು ತಡಮಾಡಿದ್ದರಿಂದ ಒಬ್ಬ ಹುಡುಗನಿಗೆ ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿ ಸಿಗಬೇಕಿದ್ದ ಸೀಟು ಒಮ್ಮೆ ತಪ್ಪಿಹೋಗಿತ್ತು. ಅದನ್ನು ನನಗೆ ಹೇಳಿದವರೂ ಅವರೇ. "ಆ ಹುಡುಗ ನಿಜವಾಗ್ಲೂ ಓದೋಕೆ ಹೊರಟಿದ್ದ. ನಾನು ಅಡ್ಡ ಕೂತೆ," ಎಂದು ಹೇಳಿ, ಆ ಮಾತನ್ನು ಅಲ್ಲಿಗೇ ಬಿಟ್ಟರು.

ನಾನು ಬಂದ ವರ್ಷ ಒಂಬತ್ತನೆಯ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಭಾಗದಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳ ನಿಜವಾದ ಹೆಸರು ಇಲ್ಲಿ ಬೇಡ, ಕುಸುಮಾ ಎನ್ನುತ್ತೇನೆ. ಏಳನೆಯವರೆಗೆ ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಎಂಟಕ್ಕೆ ನಮ್ಮಲ್ಲಿ ಇಂಗ್ಲಿಷ್ ವಿಭಾಗಕ್ಕೆ ಸೇರಿದವಳು. ಅವಳ ಗಣಿತದ ನೋಟ್‌ಬುಕ್ಕಿನಷ್ಟು ಅಚ್ಚುಕಟ್ಟಾದ ಪುಸ್ತಕವನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ. ಪ್ರತಿ ಸಮೀಕರಣದ ಸಮಚಿಹ್ನೆ ಅದರ ಮೇಲಿನ ಸಮಚಿಹ್ನೆಯ ನೇರ ಕೆಳಗೆ. ಉತ್ತರದ ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ. ನಾನು ಆ ಪುಸ್ತಕವನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ, "ಗಣಿತ ಹೀಗೆ ಮಾಡಬೇಕು," ಎಂದಿದ್ದೆ. ಅವಳು ತಲೆತಗ್ಗಿಸಿದಳು. ನಾಚಿಕೆ ಎಂದುಕೊಂಡೆ. ನಾನೂ ಅಂಥವಳೇ ಆದ್ದರಿಂದ ಇಷ್ಟವಾದಳು.

ಮೊದಲ ಕಿರುಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತಕ್ಕೆ ಮೂರು ಅಂಕ ಬಂತು. ಹುಷಾರಿರಲಿಲ್ಲವೇನೋ ಎಂದುಕೊಂಡು ಸುಮ್ಮನಾದೆ.

ಮರುವಾರ ಅವಳು ಅಪ್ಪನೊಂದಿಗೆ ಕಚೇರಿಯ ಬೆಂಚಿನ ಮೇಲಿದ್ದಳು. ಅವಳಪ್ಪ ಗೂಡ್ಸ್ ಆಟೊ ಓಡಿಸುವವರು, ಮೆತ್ತಗಿನ ಮನುಷ್ಯ. ಮಗಳಿಗೆ ಬಸ್ಸಿನ ತೊಂದರೆಯಂತೆ, ಸಾಗರದಲ್ಲಿ ಅವಳ ಚಿಕ್ಕಮ್ಮ ಇದ್ದಾಳೆ, ಅಲ್ಲಿಯೇ ಇದ್ದುಕೊಂಡು ಅಲ್ಲಿನ ಶಾಲೆಗೆ ಹೋಗುತ್ತಾಳೆ ಎಂದರು. ಗುಮಾಸ್ತರು ಕಂಪ್ಯೂಟರಿನ ಕಡೆ ಕೈ ತೋರಿಸಿದರು.

"ನೆಟ್ ಇಲ್ಲ ಮಾರಾಯ್ರೆ. ಅವಳ ವಿವರ ತೆಗೀಬೇಕಲ್ಲ. ನೀವು ಹೊರಡಿ. ಏನೇ ಕುಸುಮಾ, ನೀನು ಕ್ಲಾಸಿಗೆ ಹೋಗು. ಬೇಕಾದ್ರೆ ನಾಳೆಯಿಂದ ಸಾಗರದ ಶಾಲೆಗೆ ಹೋಗಿ ಕೂತ್ಕೋ, ಟಿಸಿ ಹಿಂದಿಂದ ಬರ್ತದೆ."

ನಾನು ಸಹಿ ಹಾಕಲು ಅಲ್ಲಿ ನಿಂತಿದ್ದೆ. ಆ ಮನುಷ್ಯ ದಿನದ ಬಾಡಿಗೆ ಬಿಟ್ಟು ಬಂದಿದ್ದಾರೆ ಎನಿಸಿತು. ನನ್ನ ಫೋನಿನಲ್ಲಿ ನೆಟ್ ಇತ್ತು. "ಹಾಟ್‌ಸ್ಪಾಟ್ ಕೊಡುತ್ತೇನೆ ಸರ್," ಎಂದೆ.

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. "ಪುಸ್ತಕವೂ ಮುಗಿದಿದೆ ಮೇಡಂ," ಎಂದರು.

ಹೊಸ ಟಿಸಿ ಪುಸ್ತಕ ಅವರ ಹಿಂದಿನ ಕಪಾಟಿನಲ್ಲಿ, ನನಗೆ ಕಾಣುವಂತೆಯೇ ಇತ್ತು. ಬೆರಳು ತೋರಿಸಿದೆ. ಆ ಕ್ಷಣದ ನನ್ನ ಗೆಲುವಿನ ಭಾವ ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಅವರು ಎದ್ದು ಪುಸ್ತಕ ತೆಗೆದರು, ಬರೆದರು, ಹೆಡ್‌ಮಾಸ್ಟರ ಸಹಿ ಹಾಕಿಸಿ ತಂದುಕೊಟ್ಟರು. ಹದಿನೈದು ನಿಮಿಷ. ಅಪ್ಪ ನನಗೆ ಕೈಮುಗಿದರು. ಕುಸುಮಾ ಕೈಮುಗಿಯಲಿಲ್ಲ.

ಎರಡು ವಾರದ ಮೇಲೆ ಗುಮಾಸ್ತರು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಅವರು ಅಲ್ಲಿಗೆ ಬರುವುದು ಅಪರೂಪ.

"ಮೇಡಂ, ಸಾಗರದ ಶಾಲೆಯ ಕ್ಲಾರ್ಕಿಗೆ ಫೋನ್ ಮಾಡಿದ್ದೆ. ಕುಸುಮಾ ಬಂದಿಲ್ಲ. ಬೇರೆ ಮೂರು ಶಾಲೆಗೂ ಕೇಳಿದೆ. ಎಲ್ಲೂ ಇಲ್ಲ."

ಅಂದು ಅವರು ನನಗೆ ತಮ್ಮ ಕೆಲಸದ ರೀತಿಯನ್ನು ವಿವರಿಸಿದರು. ಯಾವ ಮಗು ಟಿಸಿ ಕೇಳಿದರೂ ಅವರು ಮೊದಲು ಆ ಮಗುವನ್ನು ಅದು ಸೇರಬೇಕಾದ ಶಾಲೆಗೆ ಕಳಿಸುತ್ತಾರೆ. ಆಮೇಲೆ ಅಲ್ಲಿಯ ಗುಮಾಸ್ತರಿಗೆ ಫೋನ್ ಮಾಡಿ, "ನಮ್ಮ ಮಗು ಬರ್ತಾ ಇದೆಯಾ?" ಎಂದು ಕೇಳುತ್ತಾರೆ. ಬರುತ್ತಿದೆ ಎಂದು ಎರಡು ಸಲ ಕೇಳಿಸಿಕೊಂಡ ಮೇಲೆಯೇ ಟಿಸಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕುಗಳ ಗುಮಾಸ್ತರು ಅವರಿಗೆ ಹೀಗೆ ಪರಿಚಿತರು. ಎಷ್ಟೋ ಜನರ ಮುಖವನ್ನು ಅವರು ನೋಡಿಯೇ ಇಲ್ಲ.

"ಟಿಸಿ ಕೈಗೆ ಬಂದ ಮಗು ನಮ್ಮದೂ ಅಲ್ಲ, ಅವರದ್ದೂ ಅಲ್ಲ ಮೇಡಂ. ನಾವು ಹೋಯ್ತು ಅಂತ ಬರ್ಕೊಳ್ತೀವಿ. ಅವರಿಗೆ ಬರ್ಬೇಕು ಅನ್ನೋದೇ ಗೊತ್ತಿರಲ್ಲ. ನಡುವೆ ಕಳ್ದುಹೋದ್ರೆ ಹುಡುಕೋರು ಯಾರು?"

"ನನಗೆ ಮೊದಲೇ ಹೇಳಬಹುದಿತ್ತಲ್ಲ ಸರ್," ಎಂದೆ.

"ಅಪ್ಪನ ಎದುರಿಗೆ ಎಂತ ಹೇಳೋದು? ನಿಮ್ಮ ಮಗಳು ಸುಳ್ಳು ಹೇಳ್ತಾ ಇದಾಳೆ ಅಂತಾ? ಶಾಲೆ ಬಿಡೋ ಮಕ್ಕಳು ಕಾರಣ ಹೇಳೋದಿಲ್ಲ, ನೆಪ ಹೇಳ್ತವೆ. ಅವೂ ನೆಪ ಹೇಳ್ತವೆ, ನಾನೂ ನೆಪ ಹೇಳ್ತೀನಿ. ಯಾರ ನೆಪ ಮೊದ್ಲು ಮುಗೀತದೆ ನೋಡುವ ಅಂತ ಕೂತಿರೋದು."

ಆಮೇಲೆ ಅವರೇ, "ಆ ಟಿಸಿಗೆ ನಾನು ಸೀಲು ಹೊಡೆದಿಲ್ಲ," ಎಂದರು. "ಸೀಲಿಲ್ಲದ್ದು ಯಾವ ಶಾಲೆಯಲ್ಲೂ ನಡೆಯೋದಿಲ್ಲ. ವಾಪಸು ಕಳಿಸ್ತಾರೆ, ಆಗ ಹಿಡಿಯುವ ಅಂದ್ಕೊಂಡಿದ್ದೆ. ಅವಳು ಯಾರಿಗೂ ತೋರಿಸ್ಲೇ ಇಲ್ಲ ನೋಡಿ. ಅದು ನಂಗೆ ಹೊಳೀಲಿಲ್ಲ."

ಮುಂದಿನ ಭಾನುವಾರ ನಾವಿಬ್ಬರೂ ಸಾಗರದಲ್ಲಿ ಅವಳ ಚಿಕ್ಕಮ್ಮನ ಮನೆ ಹುಡುಕಿಕೊಂಡು ಹೋದೆವು. ಮುಂದಿನ ಕೋಣೆಯೇ ಟೈಲರಿಂಗ್ ಅಂಗಡಿ. ಕುಸುಮಾ ಬಾಗಿಲ ಬೆಳಕಿನಲ್ಲಿ ಕುಳಿತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಎಲ್ಲ ಗಂಟುಗಳೂ ಒಂದೇ ಎತ್ತರದಲ್ಲಿದ್ದವು. ನಮ್ಮನ್ನು ನೋಡಿ ಎದ್ದಳು. ಸೀರೆ ಜಾರಿ ಕೆಳಗೆ ಬಿತ್ತು.

ಚಿಕ್ಕಮ್ಮನಿಗೆ ಆಶ್ಚರ್ಯ. "ಟಿಸಿ ಇನ್ನೂ ಬಂದಿಲ್ಲ, ಚೌತಿ ಕಳೆದ ಮೇಲೆ ಸೇರ್ತೀನಿ ಅಂದಿದ್ಲಲ್ಲ ಸಾರ್? ಅಷ್ಟರವರೆಗೆ ಸುಮ್ನೆ ಕೂರೋದು ಬೇಡ ಅಂತ ಇದನ್ನು ಕಲೀತಿದ್ಲು," ಎಂದರು. ಟಿಸಿ ಅವಳ ಬ್ಯಾಗಿನಲ್ಲಿತ್ತು. ಚಿಕ್ಕಮ್ಮ ಶಾಲೆಗೆ ಸೇರಿಸಿರುತ್ತಾಳೆ ಎಂದು ಅಪ್ಪ ಅಂದುಕೊಂಡಿದ್ದರು. ಚಿಕ್ಕಮ್ಮ ಟಿಸಿಗೆ ಕಾಯುತ್ತಿದ್ದರು. ನಾನು ಪುಣ್ಯದ ಕೆಲಸ ಮಾಡಿದೆನೆಂದುಕೊಂಡು ಹದಿನಾಲ್ಕು ದಿನ ಆರಾಮವಾಗಿದ್ದೆ.

ಗುಮಾಸ್ತರು ನೆಲದ ಮೇಲೆ ಅವಳ ಎದುರು ಕುಳಿತರು. ಬಿದ್ದ ಸೀರೆಯನ್ನು ಎತ್ತಿ ಕುಚ್ಚುಗಳನ್ನು ನೋಡಿದರು.

"ಚೆಂದ ಕಟ್ಟಿದೀಯಲ್ಲ ಮಾರಾಯ್ತಿ. ಇದು ಕಲಿಯೋಕೆ ಎಷ್ಟು ದಿನ ಆಯ್ತು?"

"ಎರಡು ದಿನ."

"ತಪ್ಪಾದ್ರೆ?"

"ಚಿಕ್ಕಮ್ಮ ಬಿಚ್ಚಿ ತೋರಿಸ್ತಾಳೆ."

"ಬೈಯಲ್ವಾ?"

"ಬೈತಾಳೆ. ಬೈದ್ರೂ ತೋರಿಸ್ತಾಳೆ."

"ಈಗ ಹೇಳು. ಬಸ್ಸಾ ತೊಂದರೆ?"

"ಹೌದು ಸಾರ್."

"ಬಸ್ಸು ನಿಮ್ಮ ಮನೆ ಎದುರಿಗೇ ನಿಲ್ತದೆ. ನಿನ್ನ ಪಾಸ್ ಬರೆದವನು ನಾನೇ."

ಅವಳು, "ಚಿಕ್ಕಮ್ಮಂಗೆ ಒಬ್ಳಿಗೇ ಕೆಲಸ ಆಗಲ್ಲ," ಎಂದಳು. ಒಳಗಿನಿಂದ ಚಿಕ್ಕಮ್ಮ, "ಏ, ನನ್ನ ಯಾಕೆ ಎಳೀತೀಯೇ? ಹನ್ನೆರಡು ವರ್ಷದಿಂದ ಒಬ್ಳೇ ಮಾಡ್ತಿಲ್ವ ನಾನು?" ಎಂದು ಕೂಗಿದರು. ಗುಮಾಸ್ತರಿಗೆ ನಗು ಬಂತು. ಕುಸುಮಾಳಿಗೂ ಸ್ವಲ್ಪ ಬಂತು. ಅದರ ಹಿಂದೆಯೇ ಅಳು ಬಂತು.

ಗುಮಾಸ್ತರು ಏನೂ ಕೇಳಲಿಲ್ಲ. ನಾನು ಮಾತನಾಡಲು ಬಾಯಿ ತೆರೆದಾಗ ಕೈಯನ್ನು ನೆಲದಿಂದ ನಾಲ್ಕು ಬೆರಳು ಮೇಲೆತ್ತಿದರು, ಅಷ್ಟೇ. ಬೀದಿಯಲ್ಲಿ ತರಕಾರಿಯ ಗಾಡಿಯವನು ಕೂಗುತ್ತ ಹೋದ. ಅವನ ಧ್ವನಿ ತಿರುವಿನಲ್ಲಿ ಮರೆಯಾಯಿತು. ಅವರು ಕೂತೇ ಇದ್ದರು.

"ನಂಗೆ ಎಂಟನೇ ಕ್ಲಾಸಿಂದ ಎಂತದೂ ಅರ್ಥ ಆಗಿಲ್ಲ ಸಾರ್," ಎಂದಳು ಕುಸುಮಾ. "ಬೋರ್ಡಲ್ಲಿ ಇದ್ದಿದ್ದು ಹಂಗೇ ಬರೀತೀನಿ. ಮೇಡಂ ನನ್ನ ಪುಸ್ತಕ ಎಲ್ಲರಿಗೂ ತೋರಿಸಿದ್ರು. ಆಮೇಲೆ ಹೆಂಗೆ ಹೇಳೋದು, ಗೊತ್ತಾಗಲ್ಲ ಅಂತ?"

ಅವಳು ನನ್ನ ಮೇಲೆ ದೂರು ಹೇಳುತ್ತಿರಲಿಲ್ಲ. ನಡೆದದ್ದನ್ನು ಹೇಳುತ್ತಿದ್ದಳು. ಬಡತನ, ದೂರ, ಮನೆಯ ಕೆಲಸ, ಇವುಗಳ ಬಗ್ಗೆ ನಾನು ಬಿ.ಎಡ್.ನಲ್ಲಿ ಪ್ರಬಂಧವನ್ನೇ ಬರೆದಿದ್ದೆ. ಮೆಚ್ಚುಗೆಯ ಮಾತೊಂದು ಮಗುವಿನ ಬಾಯಿ ಕಟ್ಟಿಹಾಕಬಹುದೆಂದು ಅದರಲ್ಲಿ ಇರಲಿಲ್ಲ.

ನಾನು ಅವಳ ಪಕ್ಕದಲ್ಲಿ ಕುಳಿತೆ. "ನನ್ನದು ತಪ್ಪಾಯಿತು. ಪುಸ್ತಕ ನೋಡಿದೆ, ನಿನ್ನನ್ನು ಕೇಳಲಿಲ್ಲ," ಎಂದೆ. ಶಿಕ್ಷಕಿಯೊಬ್ಬರು ಹೀಗೆ ಹೇಳುವುದನ್ನು ಅವಳು ಕೇಳಿರಲಿಲ್ಲವೆಂದು ಕಾಣುತ್ತದೆ. ಅವಳು ಗುಮಾಸ್ತರ ಮುಖ ನೋಡಿದಳು. ಅವರು ಸೀರೆ ಮಡಚುತ್ತಿದ್ದರು.

"ನೋಡು, ಆ ಟಿಸಿಗೆ ಸೀಲಿಲ್ಲ. ಹಾಗಾಗಿ ನೀನು ಶಾಲೆ ಬಿಟ್ಟೇ ಇಲ್ಲ. ಹದಿನಾಲ್ಕು ದಿನ ರಜೆ ಹಾಕಿದೀಯ, ಅಷ್ಟೇ. ರಜೆಚೀಟಿ ಬರ್ಕೊಂಡು ಬಾ. ಜ್ವರ ಅಂತ ಬರೀಬೇಡ, ಎಲ್ಲರೂ ಅದನ್ನೇ ಬರೀತಾರೆ."

ಕನ್ನಡ ವಿಭಾಗಕ್ಕೆ ಬದಲಾಯಿಸಬಹುದು ಎಂದು ನಾನು ಹೇಳಿದೆ. ಕುಸುಮಾ ಒಪ್ಪಲಿಲ್ಲ. "ಎಲ್ಲರೂ ನಗ್ತಾರೆ," ಎಂದಳು. ಬುಧವಾರ ಅವಳು ಬಂದಳು. ರಜೆಚೀಟಿಯಲ್ಲಿ ಕಾರಣದ ಜಾಗ ಖಾಲಿಯಿತ್ತು. ಗುಮಾಸ್ತರು ಅದನ್ನು ಹಾಗೆಯೇ ಕಡತಕ್ಕೆ ಸೇರಿಸಿದರು.

ಅವಳು ಬಂದಿದ್ದಳು, ಆದರೆ ಉಳಿಯುತ್ತಾಳೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ಓದಿನಲ್ಲಿ ಹಿಂದುಳಿದವರ ವಿಶೇಷ ತರಗತಿಗೆ ಹಾಕಿದರೆ ಮರುದಿನವೇ ಮತ್ತೆ ಹೋಗಿಬಿಡುತ್ತಾಳೆ ಎಂದು ಗುಮಾಸ್ತರು ಹೇಳಿದರು. ದಾರಿ ಹುಡುಕಿದವರೂ ಅವರೇ. ಮಧ್ಯಾಹ್ನ ಊಟದ ನಂತರ ತರಗತಿಯ ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವಂತೆ, "ಕುಸುಮಾ, ರಿಜಿಸ್ಟರಿಗೆ ಗೆರೆ ಹಾಕ್ಬೇಕು ಬಾರೇ. ನಿನ್ನಷ್ಟು ನೇರ ಗೆರೆ ಈ ಶಾಲೆಯಲ್ಲಿ ಯಾರೂ ಎಳೆಯೋದಿಲ್ಲ," ಎಂದು ಕರೆಯುತ್ತಿದ್ದರು. ಕಚೇರಿಯ ಬೆಂಚಿನ ಮೇಲೆ ನಾನು ಕಾದಿರುತ್ತಿದ್ದೆ. ಐದನೆಯ ತರಗತಿಯ ಭಿನ್ನರಾಶಿಯಿಂದ ಶುರುಮಾಡಿದೆವು, ಮೊದಲು ಕನ್ನಡದಲ್ಲಿ, ಅರ್ಥವಾದ ಮೇಲೆ ಇಂಗ್ಲಿಷಿನಲ್ಲಿ. ಭಿನ್ನರಾಶಿಯನ್ನು ನಾನು ಸೀರೆಯ ಅಂಚಿಗೆ ಎಷ್ಟು ಕುಚ್ಚು ಎಂದು ಕೇಳುತ್ತ ಕಲಿಸಲು ಹೋದೆ. ಅವಳೇ, "ಹಾಗೆ ಲೆಕ್ಕ ಹಾಕಲ್ಲ ಮೇಡಂ, ಬೆರಳಲ್ಲಿ ಅಳೀತಾರೆ," ಎಂದು ನನ್ನನ್ನು ತಿದ್ದಿದಳು.

ಗುಮಾಸ್ತರು ತಮ್ಮ ಕೆಲಸ ಮಾಡುತ್ತಲೇ ನಡುವೆ, "ಮೇಡಂ, ಅದು ನಂಗೂ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ," ಎನ್ನುತ್ತಿದ್ದರು. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದರೋ, ಅವಳಿಗಾಗಿ ಕೇಳುತ್ತಿದ್ದರೋ ನಾನು ವಿಚಾರಿಸಲಿಲ್ಲ. ತಿಂಗಳೊಂದು ಕಳೆಯುವ ಹೊತ್ತಿಗೆ ಗೆರೆ ಹಾಕಲು ಇನ್ನೂ ನಾಲ್ಕು ಜನ ಬರತೊಡಗಿದ್ದರು. ಅವರ ನೋಟ್‌ಬುಕ್ಕುಗಳೂ ತಕ್ಕಮಟ್ಟಿಗೆ ಅಚ್ಚುಕಟ್ಟಾಗಿಯೇ ಇದ್ದವು.

ಈಗ ಕುಸುಮಾ ಸಾಗರದಲ್ಲಿ ಪಿಯುಸಿ ಓದುತ್ತಿದ್ದಾಳೆ, ಅದೇ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. ಹತ್ತನೆಯ ತರಗತಿಯ ಗಣಿತ ಮೊದಲ ಪರೀಕ್ಷೆಯಲ್ಲಿ ಹೋಯಿತು, ಎರಡನೆಯದರಲ್ಲಿ ಬಂತು. ಆದರೆ ನನಗೆ ಫಲಿತಾಂಶದ ದಿನಕ್ಕಿಂತ ಹೆಚ್ಚು ನೆನಪಿರುವುದು ಅದಕ್ಕೂ ಹಿಂದಿನ ಒಂದು ಸಾಧಾರಣ ದಿನ. ಅವಳಿನ್ನೂ ಒಂಬತ್ತನೆಯ ತರಗತಿಯಲ್ಲಿದ್ದಳು, ದಸರಾ ರಜೆ ಮುಗಿದಿತ್ತು. ರಜೆಗೆ ಸಾಗರಕ್ಕೆ ಹೋದವಳು ತಿರುಗಿ ಬರುತ್ತಾಳೋ ಇಲ್ಲವೋ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಎಣಿಸುತ್ತಿದ್ದೆವು. ಬಂದಿದ್ದಳು. ನಾನು ಬೋರ್ಡಿನ ಮೇಲೆ ಬಹುಪದೋಕ್ತಿಗಳ ಭಾಗಾಕಾರ ಮಾಡುತ್ತಿದ್ದೆ. ಮಕ್ಕಳೆಲ್ಲ ಬರೆದುಕೊಳ್ಳುತ್ತಿದ್ದರು. ತಿರುಗಿ ನೋಡಿದರೆ ಕುಸುಮಾ ಬರೆಯುತ್ತಿರಲಿಲ್ಲ. ಪೆನ್ನು ಕೆಳಗಿತ್ತು. ಕೈ ಮೇಲಿತ್ತು.

"ಮೇಡಂ, ಮೂರನೇ ಸಾಲು ನಂಗೆ ಗೊತ್ತಾಗ್ಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಕೈ ಇಳಿಸಲಿಲ್ಲ. ನಾನು ಮೂರನೆಯ ಸಾಲನ್ನು ಅಳಿಸಿ ಮತ್ತೆ ಬರೆದೆ, ಈ ಸಲ ಕನ್ನಡದಲ್ಲಿ ಹೇಳುತ್ತ. ಕಿಸಕ್ಕೆಂದ ಹುಡುಗನೂ ಬರೆದದ್ದನ್ನು ಹೊಡೆದುಹಾಕಿ ತಿದ್ದಿಕೊಂಡ.

ಪಿರಿಯಡ್ಡು ಮುಗಿದ ಮೇಲೆ ನಾನು ನೇರ ಕಚೇರಿಗೆ ಹೋದೆ. ಗುಮಾಸ್ತರು ಬಸ್ ಪಾಸುಗಳಿಗೆ ಫೋಟೊ ಅಂಟಿಸುತ್ತಿದ್ದರು. ಕುಸುಮಾ ಅರ್ಥವಾಗಲಿಲ್ಲ ಎಂದು ಹೇಳಿದಳು ಎಂದೆ.

"ಬೆಂಚಿನ ಮೇಲಾ?"

"ಅಲ್ಲ ಸರ್. ತರಗತಿಯಲ್ಲಿ."

"ಎಲ್ಲರ ಎದುರಿಗೆ?"

"ಎಲ್ಲರ ಎದುರಿಗೆ."

ಅವರು ಕೈಯಲ್ಲಿದ್ದ ಫೋಟೊವನ್ನು ಸರಿಯಾಗಿ ಕೂರಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡರು.

"ಹಾಗಾದ್ರೆ ಉಳೀತಾಳೆ," ಎಂದರು.